ಸ್ವೀಡನ್ ಶಾಲೆ ನಿಮ್ಮ ಮಗುವಿಗೆ ಮೊದಲು ಕಲಿಸುವುದು ಅದರ ಹಕ್ಕು

ಸ್ಟಾಕ್‌ಹೋಮ್‌ಗೋ ಗೋಥೆನ್‌ಬರ್ಗ್‌ಗೋ ಕೆಲಸಕ್ಕೆ ಬಂದ ಅಪ್ಪ-ಅಮ್ಮ ಬಾಡಿಗೆ ಮನೆ, ಪರ್ಸನ್‌ನಂಬರ್ (ಇಲ್ಲಿನ ಗುರುತಿನ ಸಂಖ್ಯೆ), ಬ್ಯಾಂಕ್ ಖಾತೆ ಅಂತ ಓಡಾಡಿ ಮುಗಿಸುವಷ್ಟರಲ್ಲಿ ಮಗು ಶಾಲೆಯಲ್ಲಿ ತನ್ನ ಹಕ್ಕುಗಳನ್ನು ತಿಳಿದುಕೊಂಡಿರುತ್ತದೆ. ಒಂದರಿಂದ ಮೂರನೇ ತರಗತಿಯ ಪಠ್ಯಕ್ರಮದಲ್ಲೇ ಮಾನವ ಹಕ್ಕು, ಮಕ್ಕಳ ಹಕ್ಕು ಎರಡೂ ಇವೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 2020ರ ಜನವರಿ 1ರಿಂದ ಇಲ್ಲಿನ ಕಾನೂನೇ ಆಗಿದೆ.

ಉರು ಹೊಡೆಯುವ ಪಾಠ ಅಲ್ಲ ಇದು. ತರಗತಿಯ ಸಭೆಯಲ್ಲಿ ಮಕ್ಕಳೇ ಮಾತಾಡುತ್ತಾರೆ. ಅವರು ಆರಿಸಿದ ಪ್ರತಿನಿಧಿಗಳು ಶಾಲೆಯ ಮಕ್ಕಳ ಸಮಿತಿಗೆ ಹೋಗುತ್ತಾರೆ. ನಿಮಗೆ ಇದು ಕಣ್ಣಿಗೆ ಬೀಳುವುದು 'ಉಟ್ವೆಕ್ಲಿಂಗ್ಸ್‌ಸಮ್ತಾಲ್' ದಿನ. ಅಂದರೆ ಪೇರೆಂಟ್ಸ್ ಮೀಟಿಂಗ್, ಟರ್ಮ್‌ಗೆ ಒಂದು. ಮಗುವೂ ಜೊತೆಯಲ್ಲಿ ಕೂರುತ್ತದೆ, ಎಷ್ಟೋ ಕಡೆ ಮಾತು ಶುರು ಮಾಡುವುದೇ ಅದು. ಟೀಚರ್ 'ಗಣಿತ ಹೇಗನ್ನಿಸುತ್ತೆ?' ಅಂತ ಮಗುವನ್ನು ಕೇಳಿದಾಗ ನಾವು ಬಾಯಿ ಹಾಕಿ 'ಇವನು ಸ್ವಲ್ಪ ಸೋಮಾರಿ' ಅಂದುಬಿಡುತ್ತೇವೆ, ಅಲ್ವಾ? ಸುಮ್ನೆ ಕೂರಿ, ಮಗು ಹೇಳಲಿ.

ಇನ್ನು ಏಟಿನ ವಿಷಯ. ಮಕ್ಕಳನ್ನು ಹೊಡೆಯುವುದನ್ನು, ಮನೆಯಲ್ಲೂ ಸೇರಿಸಿ, ನಿಷೇಧಿಸಿದ ಮೊದಲ ದೇಶ ಸ್ವೀಡನ್. ಅದು 1979ರಲ್ಲಿ. ಆಗ ಈ ಸುದ್ದಿಯನ್ನು ಹಾಲಿನ ಪ್ಯಾಕೆಟ್ ಮೇಲೆ ಅಚ್ಚು ಹಾಕಿ ಮನೆಮನೆಗೆ ಮುಟ್ಟಿಸಿದ್ದರು. ಕಿವಿ ಹಿಂಡುವುದು, ತಲೆಗೆ ಮೊಟಕುವುದು ಕೂಡ ಇದರಲ್ಲೇ ಬರುತ್ತದೆ. 'ನಮ್ಮಲ್ಲಿ ಇದೆಲ್ಲಾ ಮಾಮೂಲು' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಮಗು ಶಾಲೆಯಲ್ಲಿ ಹೇಳಿದರೆ ಟೀಚರ್ ಸಮಾಜ ಕಲ್ಯಾಣ ಇಲಾಖೆಗೆ ತಿಳಿಸಲೇಬೇಕು. ಅನುಮಾನ ಬಂದರೂ ಸಾಕು. ನಿಮ್ಮ ಮೇಲೆ ಅವರಿಗೇನೂ ಸಿಟ್ಟಿಲ್ಲ, ಅದು ಅವರ ಕಾನೂನುಬದ್ಧ ಕರ್ತವ್ಯ. ಇಲಾಖೆಯಿಂದ ಪತ್ರ ಬಂದರೆ ತಪ್ಪಿಸಿಕೊಳ್ಳಬೇಡಿ. ಸ್ವೀಡಿಷ್ ಬರದಿದ್ದರೆ ದುಭಾಷಿ ಬೇಕು ಅಂತ ಕೇಳಿ. ಮಕ್ಕಳೇ ಫೋನ್ ಮಾಡಿ ಮಾತಾಡಲು ಬ್ರಿಸ್ ಸಂಸ್ಥೆಯ 116 111 ಇದೆ. ಆ ನಂಬರ್ ನಿಮ್ಮ ಮಗುವಿಗೆ ಗೊತ್ತಿದ್ದರೆ ಗಾಬರಿ ಬೇಡ.

ನಮ್ಮವರು ಜಾಸ್ತಿ ಬಳಸಿಕೊಳ್ಳಬೇಕಾದ ಹಕ್ಕು ಬೇರೆಯೇ ಇದೆ: ಶಾಲೆಯಲ್ಲಿ ತಾಯ್ನುಡಿ ಪಾಠ. ಕನ್ನಡಕ್ಕೂ ಕೇಳಬಹುದು. ಮನೆಯಲ್ಲಿ ದಿನಾ ಕನ್ನಡ ಆಡುತ್ತಿರಬೇಕು, ಮಗುವಿಗೆ ಅಷ್ಟಿಷ್ಟು ಬರಬೇಕು. ಕೊಮ್ಯೂನ್‌ನಲ್ಲಿ, ಅಂದರೆ ನಿಮ್ಮ ನಗರಸಭೆಯ ವ್ಯಾಪ್ತಿಯಲ್ಲಿ, ಕನಿಷ್ಠ 5 ಮಕ್ಕಳು ಬಯಸಿ, ತಕ್ಕ ಟೀಚರ್ ಸಿಕ್ಕರೆ ಪಾಠ ಏರ್ಪಡಿಸಲೇಬೇಕು. ಹಾಗಾಗಿ ಒಬ್ಬೊಬ್ಬರೇ ಅರ್ಜಿ ಹಾಕುವ ಮೊದಲು ಸುತ್ತಮುತ್ತಲಿನ ಕನ್ನಡದ ಮನೆಗಳನ್ನು ಹುಡುಕಿ, ಕಲಿಸಬಲ್ಲವರು ಯಾರಾದರೂ ಇದ್ದಾರಾ ವಿಚಾರಿಸಿ, ಆಮೇಲೆ ಎಲ್ಲರೂ ಒಟ್ಟಿಗೆ ಹಾಕಿ.