ಮೈಸೂರಿನಿಂದ ಸೈಕಲ್ಲಿನಲ್ಲಿ ದರಿಯಾ ದೌಲತ್: ಮೊದಲು ಸೆರೆಮನೆ, ಆಮೇಲೆ ಅರಮನೆ

ಶ್ರೀರಂಗಪಟ್ಟಣಕ್ಕೆ ಕಾರಿನಲ್ಲಿ ಹೋದವರು ನೋಡುವ ಕ್ರಮ ಒಂದೇ. ರಂಗನಾಥನ ದರ್ಶನ, ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್, ಅವನ ಸಮಾಧಿ ಇರುವ ಗುಂಬಜ್, ಸಂಗಮ, ಊಟ, ವಾಪಸ್. ನಾನೂ ಸ್ಕೂಲ್ ಟೂರಿನ ಕಾಲದಿಂದ ಹಾಗೇ ನೋಡಿದವಳು. ಈ ಸಲ ಗೈಡ್ ಜೊತೆ ಮೈಸೂರಿನಿಂದ ಸೈಕಲ್ ತುಳಿದುಕೊಂಡು ಹೋದೆ. ಹೋಗಬೇಕು ಅಂದುಕೊಂಡಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ದೂರ ಹೆಚ್ಚು ಕಡಿಮೆ 15 ಕಿಲೋಮೀಟರ್ ಅಷ್ಟೇ. ನನಗೆ ಭಯ ಇದ್ದದ್ದು ಹೈವೇದು. ಗೈಡ್ ಅದರ ತಂಟೆಗೇ ಹೋಗಲಿಲ್ಲ. ಬೆಳಿಗ್ಗೆ ಆರೂವರೆಗೆ ಹೊರಡಿಸಿ, ಹಳ್ಳಿ ರಸ್ತೆ, ನಾಲೆ ಏರಿ, ಗದ್ದೆ ಬದಿ ಅಂತ ಸುತ್ತಿಸಿಕೊಂಡು ಕರೆದುಕೊಂಡು ಹೋದರು, ಒಂದೆರಡು ಕಡೆ ಈ ದಾರಿ ಯಾರದೋ ಹಿತ್ತಿಲಿಗೆ ಹೋಗಿ ನಿಲ್ಲುತ್ತೇನೋ ಅನ್ನಿಸಿದ್ದೂ ಉಂಟು. ಕೊಟ್ಟ ದುಡ್ಡಿನ ಅರ್ಧ ಅಲ್ಲೇ ವಸೂಲಾಯಿತು. ಕಬ್ಬು ತುಂಬಿದ ಟ್ರ್ಯಾಕ್ಟರ್ ಸಿಕ್ಕರೆ ಮಾತ್ರ ಹುಷಾರು. ಲೋಡು ಎರಡೂ ಕಡೆ ಚಾಚಿಕೊಂಡಿರುತ್ತದೆ, ಓವರ್‌ಟೇಕ್ ಮಾಡಲು ಹೋಗಬಾರದು. "ಅದು ಹೋಗ್ಲಿ ಬಿಡಿ ಮೇಡಂ, ನಮ್ಗೇನ್ ಆತುರ" ಅಂತ ಗೈಡ್ ಎಲ್ಲರನ್ನೂ ನಿಲ್ಲಿಸಿಬಿಡುತ್ತಿದ್ದರು.

ಸೈಕಲ್ ಕೈಗೆ ಬಂದ ತಕ್ಷಣ ಸೀಟಿನ ಎತ್ತರ ಸರಿ ಮಾಡಿಸಿಕೊಳ್ಳಿ. ಪೆಡಲ್ ಪೂರ್ತಿ ಕೆಳಗಿರುವಾಗ ಮಂಡಿ ಸ್ವಲ್ಪವೇ ಬಗ್ಗಿರಬೇಕು. ತಗ್ಗಿದ್ದರೆ ಹತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಮಂಡಿ ಹಿಡಿದುಕೊಳ್ಳುತ್ತದೆ. ಗೇರ್ ಇಳಿಸುವುದಾದರೆ ಏರು ಶುರುವಾಗುವ ಮೊದಲೇ ಇಳಿಸಿ. ಹತ್ತುತ್ತಾ ಬಲ ಹಾಕಿ ತುಳಿಯುವಾಗ ಬದಲಾಯಿಸಿದರೆ ಚೈನು ಕಟಕಟ ಅಂದು ಕಳಚಿಕೊಳ್ಳುತ್ತದೆ. ಉಳಿದಂತೆ ದಾರಿ ಮಟ್ಟಸವೇ, ದಿನಾ ಸೈಕಲ್ ಹೊಡೆಯದವರೂ ಹೋಗಬಹುದು.

ಪಟ್ಟಣದಲ್ಲಿ ಇಡ್ಲಿ, ವಡೆ, ಕಾಫಿ ಆಯಿತು. ನಾವು ಅರಮನೆ ಕಡೆ ತಿರುಗಿದರೆ ಗೈಡ್ ಬೇಡ ಅಂದರು. ಅರಮನೆ ಕೊನೆಗೆ, ಮೊದಲು ಕರ್ನಲ್ ಬೈಲಿ ಸೆರೆಮನೆ. ಯಾಕೆ ಅಂತ ಹೇಳಲಿಲ್ಲ.

ನದಿ ಪಕ್ಕದಲ್ಲಿ, ನೆಲಮಟ್ಟಕ್ಕಿಂತ ಕೆಳಗೆ, ಕಮಾನು ಚಾವಣಿಯ ಜಾಗ ಅದು. ಗೋಡೆಯಿಂದ ಹೊರಗೆ ಚಾಚಿದ ಕಲ್ಲುಗಳಿವೆ, ಅವುಗಳಲ್ಲಿ ತೂತುಗಳಿವೆ. ಕೈದಿಗಳನ್ನು ಸರಪಳಿ ಹಾಕಿ ಕಟ್ಟುತ್ತಿದ್ದದ್ದು ಅದಕ್ಕೇ ಅಂತೆ. ನನ್ನ ಕೈಬೆರಳು ಸಲೀಸಾಗಿ ಒಳಗೆ ಹೋಯಿತು. 1780ರಲ್ಲಿ ಕಾಂಚೀಪುರದ ಹತ್ತಿರದ ಪೊಲ್ಲಿಲೂರು ಯುದ್ಧದಲ್ಲಿ ಹೈದರ್, ಟಿಪ್ಪು ಕೈಗೆ ಸಿಕ್ಕಿಬಿದ್ದ ಬ್ರಿಟಿಷ್ ಸೇನಾನಿ ಬೈಲಿ, 1782ರಲ್ಲಿ ಇದೇ ಪಟ್ಟಣದ ಸೆರೆಯಲ್ಲಿ ಸತ್ತ.

ಅಲ್ಲಿಂದ ಕೋಟೆ ಒಳಗೇ ಸುತ್ತು. ರೈಲ್ವೆ ಜೋಡಿ ಹಳಿಗೆ ಅಡ್ಡ ಬರುತ್ತಿದ್ದ ಟಿಪ್ಪು ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸಾಗಿಸಿದರಲ್ಲ, ಅದನ್ನೂ ನೋಡಿದೆವು. ಆಮೇಲೆ ಟಿಪ್ಪುವಿನ ಕೊನೆಯ ಯುದ್ಧದಲ್ಲಿ ಬ್ರಿಟಿಷರು ಕೋಟೆ ಗೋಡೆ ಒಡೆದ ಜಾಗ. ಇಲ್ಲಿ ಸೈಕಲ್ಲಿನ ಬೆಲೆ ಗೊತ್ತಾಗುತ್ತದೆ. ನದಿ, ಗೋಡೆ, ಟಿಪ್ಪು ದೇಹ ಸಿಕ್ಕ ಜಾಗ, ಇವೆಲ್ಲ ಒಂದಕ್ಕೊಂದು ಎಷ್ಟು ಹತ್ತಿರ ಅನ್ನುವುದು ಕಾಲಿಗೇ ತಿಳಿಯುತ್ತದೆ. ಮಳೆಗಾಲ ಬಂದು ಕಾವೇರಿ ತುಂಬಿದರೆ ದಾಟಲಾಗದು, ಅದಕ್ಕೇ ಬ್ರಿಟಿಷರು 1799ರ ಮೇ 4ರಂದು, ನೀರು ಇಳಿದಿದ್ದಾಗ, ನಡು ಮಧ್ಯಾಹ್ನ ನುಗ್ಗಿದರು. ಪುಸ್ತಕದಲ್ಲಿ ಇದನ್ನು ಓದಿದ್ದೆ. ಆದರೆ ಬಂಡೆ ಬಂಡೆಯಾಗಿ ಕಾಣುವ ಹೊಳೆ ಎದುರಿಗೆ ನಿಂತಾಗಲೇ ಲೆಕ್ಕ ಕೂಡಿದ್ದು.

ಟಿಪ್ಪು ವಾಸವಿದ್ದ ಲಾಲ್ ಮಹಲ್ ಈಗ ಬರೀ ಪಾಯ. ಅದರ ಮರಮುಟ್ಟನ್ನು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಸಾಗಿಸಿದರು.

ಕೊನೆಗೆ ದರಿಯಾ ದೌಲತ್. 1784ರದ್ದು, ತೇಗದ ಮರದ್ದು. ಬಿಸಿಲಿಗೆ ಬಣ್ಣ ಹೋಗದಿರಲಿ ಅಂತ ಸುತ್ತ ಹಸಿರು ಪರದೆ ಬಿಟ್ಟಿರುತ್ತಾರೆ, ಹೊರಗಿಂದ ನೋಡಿದರೆ ರಿಪೇರಿ ನಡೆಯುತ್ತಿರುವ ಮನೆ ಥರ ಕಾಣುತ್ತದೆ. ಪರದೆ ದಾಟಿ ಪಡಸಾಲೆಗೆ ಕಾಲಿಟ್ಟರೆ ಪಶ್ಚಿಮದ ಗೋಡೆ ತುಂಬ ಪೊಲ್ಲಿಲೂರು ಯುದ್ಧ. ಗೈಡ್ ಸುಮ್ನೆ ಬೆರಳು ತೋರಿಸಿದರು. ಪಲ್ಲಕ್ಕಿಯಲ್ಲಿ ಕೂತಿರುವವನು ಬೈಲಿ! ಬೆಳಿಗ್ಗೆ ತೂತು ಕಲ್ಲು ನೋಡಿ ಬಂದವರಿಗೆ ಇಲ್ಲಿ ಅವನ ಮುಖ. ಸುತ್ತಲೂ ಚೌಕಾಕಾರವಾಗಿ ನಿಂತ ಕೆಂಪು ಕೋಟಿನ ಸಿಪಾಯಿಗಳು, ನಡುವೆ ಸಿಡಿಯುತ್ತಿರುವ ಮದ್ದಿನ ಬಂಡಿ, ಆಚೆ ದೂರದರ್ಶಕ ಹಿಡಿದ, ಹೈದರ್ ಕಡೆಯ ಫ್ರೆಂಚ್ ಸೇನಾನಿ ಲಾಲಿ. ಮಧ್ಯೆ ಒಂದು ಕಾಲದಲ್ಲಿ ಈ ಚಿತ್ರಕ್ಕೆ ಸುಣ್ಣ ಬಳಿದಿದ್ದರಂತೆ, ಆಮೇಲೆ ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ ಮತ್ತೆ ಬಿಡಿಸಿದರು. ಅಂದರೆ ಬ್ರಿಟಿಷರು ತಾವು ಸೋತ ಚಿತ್ರವನ್ನು ತಾವೇ ದುಡ್ಡು ಕೊಟ್ಟು ಉಳಿಸಿಕೊಂಡರು, ಗೆದ್ದ ಮೇಲೆ ಎಂಥಾ ಧೈರ್ಯ ಅಲ್ವಾ? ಈ ಗೋಡೆ ಮುಂದೆ ಮುಕ್ಕಾಲು ಗಂಟೆಯಾದರೂ ನಿಲ್ಲಿ. ಸ್ಕೂಲ್ ಟೂರಿನಲ್ಲಿ ನಮ್ಮನ್ನು ಸಾಲು ಮಾಡಿಸಿ ಐದೇ ನಿಮಿಷಕ್ಕೆ ಹೊರಗೆ ದಬ್ಬಿದ್ದರು.

ಗುಂಬಜ್ ನೋಡಿ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಸಂಗಮ ಬಿಟ್ಟೆವು. ವಾಪಸ್ ಬರಲು ಸೈಕಲ್ಲುಗಳನ್ನು ಟೆಂಪೋಗೆ ಹೇರಿ ನಮ್ಮನ್ನೂ ಹತ್ತಿಸಿಕೊಂಡರು. ಇದು ಎಲ್ಲರೂ ಕೊಡುವ ಸೌಲಭ್ಯ ಅಲ್ಲ, ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಇಲ್ಲ ಅಂದರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ, ನೀರಿನ ಬಾಟಲಿ ಎರಡಿರಲಿ. ಜೊತೆಗೆ ಸೆರೆಮನೆ ಮೊದಲು, ಅರಮನೆ ಆಮೇಲೆ ಅಂತ ಗೈಡ್‌ಗೆ ಮುಂಚೆಯೇ ಹೇಳಿಬಿಡಿ.