ಬಿಯರ್ ಹಿಟ್ಟಿನ ಮೀನು ಟಾಕೊ: ಏಳನೇ ಸಲಕ್ಕೆ ಗರಿಗರಿ

"ಎಂಥ ಮಾರಾಯ, ಮೀನಿಗೆ ಬಿಯರ್ ಹಾಕುವುದಾ? ರವೆ ಹಚ್ಚಿ ಫ್ರೈ ಮಾಡು, ಸಾಕು" ಅಂತ ಉಡುಪಿ ಕಡೆಯ ನಮ್ಮ ಭಾವ ಹೇಳಿದಾಗ ನಾನು ಮೀನು ಟಾಕೊವನ್ನು (ಮಡಚಿದ ಮೆಕ್ಕೆಜೋಳದ ರೊಟ್ಟಿಯೊಳಗೆ ಕರಿದ ಮೀನು ಇಡುವ ಮೆಕ್ಸಿಕೋದ ತಿಂಡಿ) ಆಗಲೇ ಮೂರು ಸಲ ಕೆಡಿಸಿದ್ದೆ. ಆಮೇಲೆ ಇನ್ನೂ ಮೂರು ಸಲ ಕೆಟ್ಟಿತು. ಆರು ಸಲಕ್ಕೆ ಸುಮಾರು ನಾಲ್ಕು ಸಾವಿರ ರೂಪಾಯಿ ಹೋಯಿತು. ಏಳನೇ ಸಲ ಬಂತು. ಅಲ್ಲಿಂದೀಚೆಗೆ ಹತ್ತು-ಹನ್ನೆರಡು ಸಲ ಮಾಡಿದ್ದೇನೆ, ಒಮ್ಮೆಯೂ ಮೆತ್ತಗಾಗಿಲ್ಲ.

ಮೊದಲ ಸಲ ಕೆಡಿಸಿದ್ದು ಬಜ್ಜಿ ಕೈ. ಹಿಟ್ಟನ್ನು ಗಂಟಿಲ್ಲದ ಹಾಗೆ ಕಲಸಿ ಅರ್ಧ ಗಂಟೆ ಬಿಟ್ಟೆ. ಬಿಯರಿನ ಗ್ಯಾಸೆಲ್ಲ ಹೋಯಿತು, ಮೈದಾಕ್ಕೆ ಜಿಗುಟು ಬಂತು, ಕರಿದ ಮೇಲೆ ಚಕ್ಕಳದಂಥ ಪದರ. ಈಗ ಎಣ್ಣೆ ಕಾದ ಮೇಲೆಯೇ ಬಿಯರ್ ಬಾಟಲಿ ತೆಗೆಯುತ್ತೇನೆ. ಒಂದು ಲೋಟ ಮೈದಾ, ಅರ್ಧ ಲೋಟ ಅಕ್ಕಿಹಿಟ್ಟು, ಎರಡು ಚಮಚ ಕಾರ್ನ್‌ಫ್ಲೋರ್, ಒಂದು ಚಿಕ್ಕ ಚಮಚ ಬೇಕಿಂಗ್ ಪೌಡರ್, ಉಪ್ಪು. ಇದನ್ನು ಒಣಗೇ ಬೆರೆಸಿ ಫ್ರಿಜ್ಜಿನಲ್ಲಿಟ್ಟಿರುತ್ತೇನೆ. ಬಿಯರ್ ಇಪ್ಪತ್ತು ನಿಮಿಷ ಫ್ರೀಜರ್‌ನಲ್ಲಿ. 650 ಎಂಎಲ್ ಬಾಟಲಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಸುರಿದು, ಫೋರ್ಕಿನಲ್ಲಿ ಹತ್ತು ಸಲ ತಿರುವಿದರೆ ಮುಗಿಯಿತು. ಗಂಟು ಉಳಿದರೆ ಉಳಿಯಲಿ, ಆ ಗಂಟೇ ಕರಿದಾಗ ಚೂರುಚೂರಾಗಿ ಅರಳುವುದು. ಅಕ್ಕಿಹಿಟ್ಟನ್ನು ಸಮಸಮ ಹಾಕಿದ್ದು ನಾಲ್ಕನೇ ಸಲ. ಚಕ್ಕುಲಿಯ ಹಾಗೆ ಗಟ್ಟಿಯಾಗಿ ಮೀನಿನ ರುಚಿಯೇ ಸಿಗಲಿಲ್ಲ. ಬಿಯರ್ ಮೈಲ್ಡ್ ಇರಲಿ. ಸ್ಟ್ರಾಂಗ್ ಹಾಕಿದ ದಿನ ಕಹಿ ಉಳಿಯಿತು.

ಮೀನಿನ ಕಥೆ ಬೇರೆ. ಫ್ರೋಜನ್ ಬಾಸಾ ಮೀನು ಎರಡು ಸಲ ಮೋಸ ಮಾಡಿತು. ಬಾಣಲೆಯಲ್ಲೇ ನೀರು ಬಿಟ್ಟು, ಹಿಟ್ಟು ಅಂಗಿ ಕಳಚಿದ ಹಾಗೆ ಜಾರಿತು. ಕಾಣೆ ನನಗೆ ಪ್ರಾಣ, ಆದರೆ ಟಾಕೊಗೆ ತೀರಾ ಮೃದು, ಅದಕ್ಕೆ ರವೆಯೇ ಸರಿ. ಅಷ್ಟರಮಟ್ಟಿಗೆ ಭಾವನ ಮಾತು ಒಪ್ಪುತ್ತೇನೆ. ಕೊನೆಗೆ ಶಿವಾಜಿನಗರದ ರಸೆಲ್ ಮಾರ್ಕೆಟ್‌ನಲ್ಲಿ ಗಟ್ಟಿ ಮಾಂಸದ ಮುರು ಮೀನು (ರೀಫ್ ಕಾಡ್) ಹಿಡಿದೆ. ಕೆಜಿಗೆ ಐನೂರೈವತ್ತರ ಆಸುಪಾಸು. ಒಂದೂವರೆ ಕೆಜಿ ಮೀನಿಗೆ ಮುಳ್ಳಿಲ್ಲದ ಮಾಂಸ ಆರುನೂರು ಗ್ರಾಂ ಸಿಕ್ಕರೆ ಹೆಚ್ಚು. ತಲೆ, ಮೂಳೆ ಬಿಡಬೇಡಿ, ಮರುದಿನದ ಸಾರಿಗೆ ಅದಕ್ಕಿಂತ ಬೇಕೇ? ಬೆರಳುದ್ದ ಕತ್ತರಿಸಿ, ಉಪ್ಪು ಸವರಿ, ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ, ಒಣ ಅಕ್ಕಿಹಿಟ್ಟಿನಲ್ಲಿ ಹೊರಳಿಸಿಯೇ ಬಿಯರ್ ಹಿಟ್ಟಿಗೆ ಅದ್ದಬೇಕು. ಉಪ್ಪಿನ ಜತೆ ಇನ್ನೊಂದು ಸಾಮಾನು ಸವರುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಭಾವನಿಗೂ ಹೇಳಿಲ್ಲ.

ಎಣ್ಣೆಯ ಥರ್ಮಾಮೀಟರಿಗೆ ಆರುನೂರು ಕೊಟ್ಟಿದ್ದು ದಂಡ ಅಂತ ಮನೆಯಲ್ಲಿ ಮಾತು ಬಂತು. ನನಗಂತೂ ಕಣ್ಣು ತೆರೆಸಿದ್ದು ಅದೇ. 185 ಡಿಗ್ರಿ ಇದ್ದ ಎಣ್ಣೆ ಆರು ತುಂಡು ಬಿಟ್ಟೊಡನೆ 155ಕ್ಕೆ ಬಿದ್ದಿತ್ತು! ಈಗ ಒಂದು ಸಲಕ್ಕೆ ಮೂರೇ ತುಂಡು, ಮೂರು ನಿಮಿಷ. ಎಲ್ಲ ಮುಗಿದ ಮೇಲೆ 190ರಲ್ಲಿ ಮತ್ತೊಮ್ಮೆ ಮುಕ್ಕಾಲು ನಿಮಿಷ. ತೆಗೆದದ್ದನ್ನು ಪೇಪರ್ ಮೇಲೆ ಹಾಕಬೇಡಿ, ತಳ ಬೆವರುತ್ತದೆ. ಫುಲ್ಕಾ ಸುಡುವ ಜಾಲರಿಯನ್ನು ತಟ್ಟೆಯ ಮೇಲಿಟ್ಟು ಅದರಲ್ಲಿ ಹರಡಿ.

ರೊಟ್ಟಿಯ ಹಿಂದೆ ಬಿದ್ದು ಎರಡು ಭಾನುವಾರ ಕಳೆದೆ. ಈ ತಿಂಡಿಗೆ ಹೆಸರಾದ ಊರು ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಎನ್ಸೆನಾಡ ಬಂದರು. ಅವರ ರೊಟ್ಟಿ, ಅಂದರೆ ಟಾರ್ಟಿಯಾ, ಸುಣ್ಣದ ನೀರಲ್ಲಿ ಬೇಯಿಸಿದ ಮೆಕ್ಕೆಜೋಳದ್ದು. ಸುಣ್ಣ ನಮಗೇನು ಹೊಸದೇ? ಎಲೆ-ಅಡಿಕೆ ಅಂಗಡಿಯಿಂದ ತಿನ್ನುವ ಸುಣ್ಣ ತಂದು, ಅರ್ಧ ಕೆಜಿ ಒಣ ಮೆಕ್ಕೆಜೋಳಕ್ಕೆ ಒಂದು ಚಿಕ್ಕ ಚಮಚ ನೀರಲ್ಲಿ ಕದಡಿ, ಮುಕ್ಕಾಲು ಗಂಟೆ ಬೇಯಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಕಾಳು ಗಾಢ ಹಳದಿ, ಉಜ್ಜಿದರೆ ಸಿಪ್ಪೆ ಕಳಚುತ್ತಿತ್ತು. ಮೂರ್ನಾಲ್ಕು ನೀರಲ್ಲಿ ತೊಳೆದು ಗ್ರೈಂಡರಿಗೆ ಹಾಕಿದೆ. ಮೊದಲ ಸಲ ನೀರು ಹೆಚ್ಚಾಗಿ ದೋಸೆಹಿಟ್ಟಾಯಿತು. ಎರಡನೇ ಸಲ ನೀರು ಬರೀ ಚಿಮುಕಿಸಿ ರುಬ್ಬಿ, ಹಾಲಿನ ಪ್ಯಾಕೆಟ್ ಕತ್ತರಿಸಿ ಅದರ ನಡುವೆ ತಟ್ಟೆಯಿಂದ ಒತ್ತಿದೆ. ಕಾವಲಿ ಮೇಲೆ ಉಬ್ಬಿ ಬಂತು! ಆ ಪರಿಮಳ ಅಂಗಡಿಯ ಯಾವ ಟಾರ್ಟಿಯಾದಲ್ಲೂ ಸಿಕ್ಕಿಲ್ಲ. ನಮ್ಮ ಬಿಳಿಜೋಳದ ರೊಟ್ಟಿಯಲ್ಲೂ ನೋಡಿದೆ, ಮಡಚಿದಲ್ಲೇ ಮುರಿಯಿತು.

ಮೇಲಿಂದ ಸಣ್ಣಗೆ ಹೆಚ್ಚಿದ ಕೋಸು, ಟೊಮೆಟೊ-ಈರುಳ್ಳಿ-ಕೊತ್ತಂಬರಿ, ಬಟ್ಟೆಯಲ್ಲಿ ಸೋಸಿದ ಗಟ್ಟಿ ಮೊಸರಿಗೆ ಮಯೊನೈಸ್, ನೆನೆಸಿ ಅರೆದ ಬ್ಯಾಡಗಿ ಮೆಣಸಿನಕಾಯಿ, ನಿಂಬೆರಸ. ಹದಿನಾರು ಟಾಕೊಗೆ ಎಲ್ಲ ಸೇರಿ ಹನ್ನೆರಡು-ಹದಿಮೂರು ನೂರು ಬೀಳುತ್ತದೆ, ಒಂದಕ್ಕೆ ಎಂಬತ್ತರ ಆಸುಪಾಸು. ಹೊರಗೆ ಎರಡಕ್ಕೆ ನಾನು ನಾನೂರೈವತ್ತು ಕೊಟ್ಟಿದ್ದೇನೆ, ಅದೂ ಟೇಬಲಿಗೆ ಬರುವಷ್ಟರಲ್ಲಿ ತಣ್ಣಗಾಗಿತ್ತು.

ಭಾವ ಹೋದ ದಸರಾಕ್ಕೆ ಬಂದವರು ಒಲೆಯ ಪಕ್ಕದಲ್ಲೇ ನಿಂತು ಐದು ತಿಂದರು. ಆರನೆಯದಕ್ಕೆ "ರೊಟ್ಟಿ ಬೇಡ, ಮೀನು ಮಾತ್ರ ಕೊಡು" ಅಂದರು.

ಬಿಯರ್ ಬೇಡವೆನ್ನುವವರಿಗಾಗಿ ಐಸ್‌ನಂಥ ಸೋಡಾದಲ್ಲೂ ಮಾಡಿದೆ. ಗರಿಗರಿ ಬರುತ್ತದೆ, ಹತ್ತು ನಿಮಿಷದೊಳಗೆ ತಿನ್ನಬೇಕು. ಬಿಯರಿನದ್ದು ಇಪ್ಪತ್ತೈದು ನಿಮಿಷ ತಡೆಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ನಿಷೇಧ, ಮುರು ಬೆಲೆ ಕೇಳುವ ಹಾಗಿರುವುದಿಲ್ಲ. ಆಗ ಇದೇ ಹಿಟ್ಟಿಗೆ ಹೂಕೋಸು ಅದ್ದುತ್ತೇನೆ. ಹೂಕೋಸನ್ನು ಮೊದಲು ಎರಡು ನಿಮಿಷ ಉಪ್ಪುನೀರಲ್ಲಿ ಕುದಿಸಿ, ಪೂರ್ತಿ ಆರಿಸಿಕೊಳ್ಳಿ.