ತೀರಿಹೋದವರ ಹಳೇ ಪುಟ

ಮಂಡ್ಯ ಜಿಲ್ಲೆಯ ಒಂದು ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಊರಿನವರಿಗೆ ಸಿಸ್ಟರ್. 30 ದಾಟಿದ ಎಲ್ಲರ ಬಿಪಿ, ಶುಗರ್, ಸೊಂಟದ ಅಳತೆ ನೋಡಿ ಬರೆದುಕೊಳ್ಳುವುದು ನನ್ನ ಕೆಲಸಗಳಲ್ಲಿ ಒಂದು. ಮೊದಲ ಎರಡು ವರ್ಷ ನೋಡಿದೆ, ಬರೆದೆ, ಲೆಕ್ಕ ಒಪ್ಪಿಸಿದೆ.

ಒಂದು ದಿನ 52 ವರ್ಷದ ಒಬ್ಬರು ಕಬ್ಬಿನ ಗದ್ದೆಯಲ್ಲೇ ಕುಸಿದು ತೀರಿಕೊಂಡರು. "ಚೆನ್ನಾಗೇ ಇದ್ರು ಸಿಸ್ಟರ್, ಒಂದು ದಿನ ಜ್ವರ ಅಂತ ಮಲಗಿದವರಲ್ಲ" ಅಂದರು ಮನೆಯವರು. ವಾಪಸ್ ಬಂದು ರಿಜಿಸ್ಟರ್ ತೆಗೆದೆ. 14 ತಿಂಗಳ ಹಿಂದಿನ ನನ್ನದೇ ಕೈಬರಹ: ಬಿಪಿ 168/102. ಪಕ್ಕದಲ್ಲಿ, "ಆಸ್ಪತ್ರೆಗೆ ಹೋಗಲು ತಿಳಿಸಿದೆ." ಅದರ ಮುಂದೆ ಖಾಲಿ. ಅವರು ಹೋದರಾ, ಮಾತ್ರೆ ತಗೊಂಡರಾ ಅಂತ ನಾನು ಮತ್ತೆ ಕೇಳಿರಲೇ ಇಲ್ಲ. ಆ ಖಾಲಿ ಜಾಗ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ.

ಅಲ್ಲಿಂದ ಒಂದು ಅಭ್ಯಾಸ ಮಾಡಿಕೊಂಡೆ. ಊರಲ್ಲಿ ಯಾರೇ ತೀರಿಹೋಗಲಿ, ತಿಥಿ ಮುಗಿದ ಮೇಲೆ ಅವರ ಹಳೇ ಪುಟ ತೆಗೆದು ಓದುತ್ತೇನೆ. ಯಾವ ಕಾಯಿಲೆಯಿಂದ ಹೋದರು ಅಂತ ಪತ್ತೆ ಮಾಡಲು ಅಲ್ಲ, ನಾನು ಏನನ್ನು ಕೈಬಿಟ್ಟೆ ಅಂತ ನೋಡಲು. ಮನೆಯಲ್ಲೇ ಹೋದವರ ವಿಷಯದಲ್ಲಿ "ಎದೆನೋವು ಅಂದ್ರು", "ವಯಸ್ಸಾಗಿತ್ತು" ಅನ್ನುವುದಷ್ಟೇ ಸಿಗುತ್ತದೆ. ಕಾರಣ ಬರೆಯುವುದರಲ್ಲಿ ತಪ್ಪಾಗಬಹುದು, ಸಾವಿನ ವಿಷಯದಲ್ಲಿ ಆ ಅನುಮಾನ ಇಲ್ಲ. ದೊಡ್ಡ ಅಧ್ಯಯನಗಳಲ್ಲೂ ಯಾವುದೇ ಕಾರಣದ ಸಾವನ್ನು ಒಟ್ಟಿಗೆ ಎಣಿಸುವುದಕ್ಕೆ ಇದೂ ಒಂದು ಕಾರಣ. ಅದೂ ಅಲ್ಲದೆ ಬಿಪಿ ಒಂದೇ ಕಡೆ ಹೊಡೆಯುವುದಿಲ್ಲ. ಹೃದಯ, ಮೆದುಳು, ಕಿಡ್ನಿ, ಎಲ್ಲಕ್ಕೂ ಅದರ ಪೆಟ್ಟು ಬೀಳುತ್ತದೆ.

ನಾನು ಓದಿದ ಪುಟಗಳಲ್ಲಿ ಬಿಪಿಯೇ ಜಾಸ್ತಿ. ಹಾಗಾಗಿ ಮೊದಲು ಅಳೆಯುವುದನ್ನೇ ತಿದ್ದಿಕೊಂಡೆ. ಗದ್ದೆಯಿಂದ ಬಂದವರನ್ನು ಐದು ನಿಮಿಷ ಸುಮ್ನೆ ಕೂರಿಸುತ್ತೇನೆ. ಬೆನ್ನಿಗೆ ಗೋಡೆ, ನೆಲಕ್ಕೆ ಪಾದ, ತೋಳು ಎದೆಯ ಮಟ್ಟಕ್ಕೆ. ರವಿಕೆ ತೋಳಿನ ಮೇಲೆ ಪಟ್ಟಿ ಸುತ್ತುವುದಿಲ್ಲ. ಅಳೆಯುವಾಗ ಮಾತಾಡಿಸುವುದಿಲ್ಲ. ಎರಡು ಸಲ ನೋಡುತ್ತೇನೆ. 140/90 ದಾಟಿದವರ ಹೆಸರು ಬೇರೆ ನೋಟ್‌ಬುಕ್ಕಿಗೆ ಹೋಗುತ್ತದೆ. ಅದರಲ್ಲಿ ಒಂದೇ ಪ್ರಶ್ನೆ: ಮತ್ತೆ ಯಾವಾಗ ನೋಡಿದೆ? ಮಾತ್ರೆ ಶುರುವಾದವರ ಮನೆಗೆ ಹೋದಾಗ "ತಗೊಳ್ತಿದ್ದೀರಾ" ಅಂತ ಕೇಳುವುದಿಲ್ಲ. "ಮಾತ್ರೆ ಪಟ್ಟಿ ತೋರಿಸಿ" ಅನ್ನುತ್ತೇನೆ. ಎಷ್ಟು ಉಳಿದಿದೆ ನೋಡಿದರೆ ಗೊತ್ತಾಗುತ್ತದೆ.

ತಂಬಾಕಿನ ಪ್ರಶ್ನೆಯನ್ನೂ ಬದಲಾಯಿಸಿದೆ. ತಂಬಾಕು ಬಳಸ್ತೀರಾ ಅಂದರೆ ಹೆಂಗಸರೆಲ್ಲ ಇಲ್ಲ ಅನ್ನುತ್ತಿದ್ದರು. "ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕ್ತೀರಾ ಅವ್ವಾ?" ಅಂದ ಮೇಲೆ ಸೊಂಟದ ಚೀಲವೇ ಹೊರಗೆ ಬಂತು! ಬೀಡಿ ಸೇದುವ ಹಿರಿಯರು "ಈ ವಯಸ್ಸಲ್ಲಿ ಬಿಟ್ಟು ಏನಾಗ್ಬೇಕು" ಅಂದರೆ ಬ್ರಿಟನ್ನಿನ ವೈದ್ಯರ ಕಥೆ ಹೇಳುತ್ತೇನೆ. ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1951ರಲ್ಲಿ ಅಲ್ಲಿನ ವೈದ್ಯರ ಮೇಲೇ ಶುರು ಮಾಡಿದ ಅಧ್ಯಯನ ಅದು. ಅಲ್ಲಿ 60ಕ್ಕೆ ಸಿಗರೇಟು ಬಿಟ್ಟವರಿಗೂ ಸುಮಾರು ಮೂರು ವರ್ಷ ಆಯಸ್ಸು ಉಳಿಯಿತು. 50ಕ್ಕೆ ಬಿಟ್ಟವರಿಗೆ ಆರು. ಮೂರು ವರ್ಷ ಅಂದರೆ ಮೊಮ್ಮಗಳ ಮದುವೆ ನೋಡಬಹುದು, ಅಲ್ವಾ?

ಒಬ್ಬ ಅಜ್ಜಿಯ ಪುಟದಲ್ಲಿ ಮಾತ್ರ ಏನೂ ಸಿಗಲಿಲ್ಲ. ಬಿಪಿ 126/78, ಶುಗರ್ ಸರಿ, ಕಡ್ಡಿಪುಡಿಯೂ ಇಲ್ಲ. ಸೊಸೆ ಹೇಳಿದಳು, "ಹೋದ ವರ್ಷದಿಂದ ಅತ್ತೆ ಕೈಲಿ ಬಿಂದಿಗೆ ಎತ್ತೋಕೆ ಆಗ್ತಿರ್ಲಿಲ್ಲ." ಆಗ ಪ್ಯೂರ್ ಅಧ್ಯಯನ ನೆನಪಾಯಿತು. 17 ದೇಶಗಳ ಸುಮಾರು 1,40,000 ಜನರ ಕೈಹಿಡಿತದ ಬಲ ಅಳೆದು, 2015ರಲ್ಲಿ ಪ್ರಕಟಿಸಿದ್ದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಕೂಡ ಅದರಲ್ಲಿತ್ತು. ಹಿಡಿತ 5 ಕೆಜಿ ಕಡಿಮೆ ಇದ್ದಂತೆಲ್ಲ ಯಾವುದೇ ಕಾರಣದ ಸಾವಿನ ಅಪಾಯ ಶೇ 16ರಷ್ಟು ಜಾಸ್ತಿ ಕಂಡಿತ್ತು. ಹಿಡಿತ ಕಡಿಮೆಯಾಗಿದ್ದಕ್ಕೇ ಸಾಯುತ್ತಾರೆ ಅಂತಲ್ಲ. ಒಳಗೆ ಮೈ ಸೊರಗುತ್ತಿದೆ ಅಂತ ಕೈ ಮೊದಲು ಹೇಳಿಬಿಡುತ್ತದೆ. ಈಗ ನನ್ನ ನೋಟ್‌ಬುಕ್ಕಿನಲ್ಲಿ "ಬಿಂದಿಗೆ" ಅಂತ ಒಂದು ಕಾಲಂ ಇದೆ. ಎತ್ತಲು ಆಗದವರ ಊಟ ವಿಚಾರಿಸುತ್ತೇನೆ. ಹಲ್ಲು ಬಿದ್ದು ಬರೀ ಮುದ್ದೆ ಸಾರಿನಲ್ಲೇ ದಿನ ದೂಡುವವರು ಎಷ್ಟೊಂದು ಜನ! ಮೊಟ್ಟೆ, ಬೇಯಿಸಿ ಮಸೆದ ಕಾಳು ಅಂತ ಹೇಳಿ, ಡಾಕ್ಟರ್ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ.

ನನಗೆ ತುಂಬಾ ಕೆಲಸಕ್ಕೆ ಬಂದದ್ದು ಉಪ್ಪಿನ ಲೆಕ್ಕ. "ಉಪ್ಪು ಕಮ್ಮಿ ತಿನ್ನಿ" ಅಂದರೆ "ನಾವು ಕಮ್ಮೀನೇ ತಿನ್ನೋದು" ಅನ್ನುವುದು ಪ್ರತಿ ಮನೆಯ ಉತ್ತರ. ಅದಕ್ಕೆ ಹೊಸ ಪ್ಯಾಕೆಟ್ ಒಡೆದ ದಿನ ಒಲೆ ಪಕ್ಕದ ಗೋಡೆಯಲ್ಲಿ ತಾರೀಕು ಬರೆಯಲು ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಮಿನ ಒಳಗೆ. ಐದು ಜನರ ಮನೆಗೆ 25 ಗ್ರಾಂ. ಅಂದರೆ ಒಂದು ಕೆಜಿ 40 ದಿನ ಬರಬೇಕು. ಬೇಕರಿ ತಿಂಡಿಯ ಉಪ್ಪು ಇದರಲ್ಲಿ ಸೇರಿಲ್ಲ. ಗದ್ದೆಯಲ್ಲಿ ಕುಸಿದರಲ್ಲ, ಅವರ ತಮ್ಮನ ಮನೆಯಲ್ಲಿ 19 ದಿನಕ್ಕೇ ಮುಗಿದಿತ್ತು. ಅವರಿಗೂ ಬಿಪಿ. "ದನಕ್ಕೇನಾದ್ರೂ ಹಾಕ್ತೀರಾ?" ಕೇಳಿದೆ. ಇಲ್ಲ. ಮನೆಯಾಕೆ ಗೋಡೆ ನೋಡುತ್ತಾ ನಿಂತರು. "ಇಷ್ಟೊಂದಾ ಸಿಸ್ಟರ್?"

ಚೀನಾದ 600 ಹಳ್ಳಿಗಳಲ್ಲಿ ಮಾಮೂಲಿ ಉಪ್ಪಿನ ಬದಲು ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಕೊಟ್ಟು ನೋಡಿದ್ದರು. ಒಮ್ಮೆ ಸ್ಟ್ರೋಕ್ ಆದವರು, ಬಿಪಿ ಇರುವ ಹಿರಿಯರು ಅವರೆಲ್ಲ. 2021ರಲ್ಲಿ ಫಲಿತಾಂಶ ಬಂತು: ಯಾವುದೇ ಕಾರಣದ ಸಾವು ಶೇ 12ರಷ್ಟು ಕಡಿಮೆ. ಕಿಡ್ನಿ ತೊಂದರೆ ಇರುವವರಿಗೆ ಆ ಉಪ್ಪು ಅಪಾಯ, ಹಾಗಾಗಿ ನಾನಾಗಿ ಯಾರಿಗೂ ಹೇಳುವುದಿಲ್ಲ. ಆ ಮನೆಯಲ್ಲಿ ಮಾಡಿದ್ದು ಇಷ್ಟೇ. ಉಪ್ಪಿನಕಾಯಿ ಭಾನುವಾರಕ್ಕೆ ಮಾತ್ರ. ಉಪ್ಪೆಸರಿಗೆ ಕೈಯಲ್ಲಿ ಹಾಕುವುದು ಬಿಟ್ಟು ಚಮಚ. ತಟ್ಟೆ ಪಕ್ಕ ಉಪ್ಪು ಬಡಿಸುವುದಿಲ್ಲ. ಮುಂದಿನ ಪ್ಯಾಕೆಟ್ 23 ದಿನ ಬಂತು, ಅದರ ಮುಂದಿನದು 28. ತಮ್ಮನ ಬಿಪಿ ಮಾತ್ರೆಯ ಜೊತೆ ಈಗ 136/84ಕ್ಕೆ ಇಳಿದಿದೆ.

ಮೊನ್ನೆ ಹೋದಾಗ ಗೋಡೆಯಲ್ಲಿ ನಾಲ್ಕನೇ ತಾರೀಕು ಇತ್ತು. ಎಣಿಸಿದೆ, 31ನೇ ದಿನ. ಡಬ್ಬಿಯಲ್ಲಿ ಇನ್ನೂ ಉಪ್ಪಿತ್ತು.